ಸಾಫ್ಟ್ ಪಾಪ್ ಹಾಡಿಗೆ ಮೋಡದಂಥ ಕೋರಸ್ ಮನೇಲೇ ಮಾಡೋದು ಹೇಗೆ

ಸಾಫ್ಟ್ ಪಾಪ್ ಅಂದ್ರೆ ವಾದ್ಯ ಕಮ್ಮಿ ಮಾಡಿ ರಿವರ್ಬ್ (ಗುಂಯ್ ಅನ್ನೋ ಪ್ರತಿಧ್ವನಿ) ಜಾಸ್ತಿ ಹಾಕೋದು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಾಗೆ ಮಾಡಿದ್ರೆ ಹಾಡು ಖಾಲಿ ಖಾಲಿ ಕೇಳ್ಸುತ್ತೆ ಅಷ್ಟೇ. ಒಂದ್ಸಲ ಟೆನ್‌ಸಿಸಿ ಬ್ಯಾಂಡಿನ 'ಐಯಾಮ್ ನಾಟ್ ಇನ್ ಲವ್' ಹೆಡ್‌ಫೋನ್ ಹಾಕ್ಕೊಂಡು ಕೇಳಿ. 1975ರ ಹಾಡು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿದ್ದ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು. ಹಿಂದೆ ತೇಲ್ತಾ ಇರೋದು ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸೋ ಕೀಬೋರ್ಡ್) ಅಲ್ಲ, ಪೂರ್ತಿ ಮನುಷ್ಯರ ದನಿ. ಆ ಮೆತ್ತಗಿನ ಸದ್ದು ಬರೋದು ನೂರಾರು ದನಿ ಒಟ್ಟಿಗೆ ಸಣ್ಣಗೆ ಹಾಡಿದಾಗ, ಇವತ್ತು ಒಂದು ಮೈಕು ಒಂದು ಲ್ಯಾಪ್‌ಟಾಪ್ ಇದ್ರೆ ನೀವೂ ಮಾಡ್ಬಹುದು.

ಮೊದ್ಲು ಟ್ಯೂನು. ಈ ಹಾಡನ್ನ ಮೊದ್ಲು ಬೋಸಾ ನೋವಾ ಅನ್ನೋ ಬ್ರೆಜಿಲ್ ಶೈಲಿಯ ತಾಳಕ್ಕೆ ರೆಕಾರ್ಡ್ ಮಾಡಿದ್ರು, ಬ್ಯಾಂಡಿನವರಿಗೇ ಹಿಡಿಸ್ಲಿಲ್ಲ, ಬಿಟ್ಟೂ ಬಿಟ್ರು. ಆದ್ರೆ ಸ್ಟುಡಿಯೋದಲ್ಲಿ ಕೆಲಸ ಮಾಡೋರು ಅದೇ ಟ್ಯೂನ್ ಗುನುಗ್ತಾ ಓಡಾಡೋದು ಬ್ಯಾಂಡಿನ ಗಾಯಕ ಎರಿಕ್ ಸ್ಟೀವರ್ಟ್ ಕಿವಿಗೆ ಬಿತ್ತು, ಆಮೇಲೆ ಮತ್ತೆ ಕೈಗೆತ್ಕೊಂಡಾಗ ವಾದ್ಯಗಳನ್ನ ಬಿಟ್ಟು ಬರೀ ದನಿಯಲ್ಲೇ ಮಾಡೋಣ ಅಂದಿದ್ದು ಡ್ರಮ್ಮರ್ ಕೆವಿನ್ ಗಾಡ್ಲಿ. ಸಾಹಿತ್ಯದಲ್ಲಿ ಒಂದೇ ಒಂದು ಉಪಾಯ ಇದೆ, ಹಾಡೋನು ಪ್ರೀತಿ ಇಲ್ಲ ಇಲ್ಲ ಅಂತಾನೇ ಇರ್ತಾನೆ, ಕೇಳೋರಿಗೆ ಮಾತ್ರ ಗೊತ್ತಾಗ್ಬಿಡುತ್ತೆ. ನೀವು ಬರೆಯುವಾಗಲೂ ಹೀಗೇ ಯೋಚ್ನೆ ಮಾಡಿ: ನಿನ್ನ ನೆನಪೇ ಇಲ್ಲ ಅನ್ನೋನು ಅವಳು ಮರೆತುಹೋದ ಛತ್ರೀನ ಇನ್ನೂ ಬಾಗಿಲ ಹಿಂದೇನೇ ನೇತಾಕಿದಾನೆ ಅಂದ್ರೆ ಸಾಕು.

ಈಗ ಕೋರಸ್, ಅಂದ್ರೆ ಹಿಂದೆ ತೇಲೋ ಆ ದನಿಗಳ ಗುಂಪು, ನಿಜವಾದ ಕೆಲಸ ಇರೋದೇ ಇಲ್ಲಿ. ಅವ್ರು ಮಾಡಿದ್ದೇನಂದ್ರೆ, ಸ್ಟೀವರ್ಟ್ ಸದ್ದು ಬೆರೆಸೋ ಮಿಕ್ಸರ್ ಹತ್ರ ಕೂತ್ರು, ಉಳಿದ ಮೂರು ಜನ ಒಂದೇ ಸ್ವರಾನ 16 ಸಲ ಹಾಡಿದ್ರು, ಅಂದ್ರೆ ಒಂದು ಸ್ವರಕ್ಕೆ 48 ದನಿ, ಹೀಗೆ 13 ಸ್ವರ, ಒಟ್ಟು 624. ನೀವು ಒಬ್ರೇ ಇದ್ರೂ ಪರ್ವಾಗಿಲ್ಲ. ನಿಮ್ಗೆ ಆರಾಮಾಗಿ ಬರೋ ಶ್ರುತಿಯಲ್ಲಿ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗೆ ಹಾರ್ಮೋನಿಯಂನ ಬಿಳಿ ಕಪ್ಪು ಮನೆ ಒಂದೂ ಬಿಡದೆ 13 ಸ್ವರ ತಗೊಳ್ಳಿ, ಒಂದು ಕಿವಿಯಲ್ಲಿ ಆ ಸ್ವರ ಡ್ರೋನ್ ತರ ಕೇಳ್ತಾ ಇರ್ಲಿ, ಮೈಕಿಂದ ಒಂದು ಮೊಳ ದೂರ ನಿಂತು ಬಾಯಿ ಅರ್ಧ ತೆರೆದು 'ಆ' ಅಂತ ಉಸಿರು ಮುಗಿಯೋವರೆಗೂ ಹಾಡಿ, ಗಮಕ ಬೇಡ, ಕಂಪನ ಬೇಡ, ಜೋರು ಅಂತೂ ಬೇಡ್ವೇ ಬೇಡ. ಹೀಗೆ 16 ಟೇಕ್, ಅಂದ್ರೆ 16 ಸಲ ಬೇರೆ ಬೇರೆಯಾಗಿ ರೆಕಾರ್ಡ್. ಒಂದು ಟೇಕ್ ಹಾಡಿ 16 ಸಲ ಕಾಪಿ ಪೇಸ್ಟ್ ಮಾಡಿದ್ರೆ ಅದೇ ದನಿ ಜೋರಾಗುತ್ತೆ ಅಷ್ಟೇ, ಅಗಲ ಆಗಲ್ಲ, ಟೇಕಿಂದ ಟೇಕಿಗೆ ಶ್ರುತಿ ಕೂದಲೆಳೆಯಷ್ಟು ಆಚೀಚೆ ಆಗೋದ್ರಿಂದಾನೇ ಆ ಮೋಡ ಹುಟ್ಟೋದು, ಹಾಗಾಗಿ ಶ್ರುತಿ ತಾನೇ ಸರಿಮಾಡೋ ಆಟೋಟ್ಯೂನ್ ಮುಟ್ಟಲೇಬೇಡಿ. ನಾನು ಮೊದಲ್ನೇ ಸಲ ಒಂದೇ ರಾತ್ರೀಲಿ ಎಲ್ಲಾ ಮುಗಿಸೋಕೆ ಹೋಗಿ ಮೇಲಿನ ನಿಷಾದ ಬರೋ ಹೊತ್ತಿಗೆ ಗಂಟಲು ಗೊರಗೊರ ಅಂತಿತ್ತು, ಆ ಸ್ವರ ಬಂದಾಗೆಲ್ಲ ಕೋರಸ್ಸಿನಲ್ಲಿ ಬೇರೆ ಯಾರೋ ಹಾಡಿದಂಗೆ ಕೇಳ್ತಿತ್ತು. ದಿನಕ್ಕೆ ಎರಡೋ ಮೂರೋ ಸ್ವರ ಸಾಕು. ಅವ್ರಿಗೂ ಸುಮಾರು ಮೂರು ವಾರ ಹಿಡೀತು.

ಒಂದೊಂದು ಸ್ವರದ 16 ಟೇಕನ್ನೂ ಎಡಕ್ಕೆ ಬಲಕ್ಕೆ ಹರಡಿ ಒಂದು ಸ್ಟೀರಿಯೋ ಟ್ರ್ಯಾಕ್ ಮಾಡ್ಕೊಳ್ಳಿ, ಆಮೇಲೆ ಲೂಪ್, ಅಂದ್ರೆ ಕೊನೆ ಮೊದಲಿಗೆ ಸೇರಿ ನಿಲ್ಲದೆ ಸುತ್ತೋ ಹಾಗೆ ಮಾಡೋದು. ಅವರ ಕಾಲದಲ್ಲಿ ಟೇಪ್ ಕತ್ತರಿಸಿ ಅಂಟಿಸ್ಬೇಕಿತ್ತು, ಅಂಟಿಸಿದ ಜಾಗ ಬಂದಾಗೆಲ್ಲ ಟಿಕ್ ಅನ್ನೋದು, ಅದಕ್ಕೇ ಸುಮಾರು 12 ಅಡಿ ಉದ್ದದ ಲೂಪ್ ಮಾಡಿ ಮೈಕ್ ಸ್ಟ್ಯಾಂಡಿಗೆ ಸುತ್ತಿಸಿ ಓಡಿಸ್ತಿದ್ರು. ನಿಮ್ಗೆ ಎರಡು ಸೆಕೆಂಡ್ ಕ್ರಾಸ್‌ಫೇಡ್ (ಕೊನೆ ಕರಗ್ತಾ ಮೊದಲು ಏಳೋ ಹಾಗೆ) ಕೊಟ್ರೆ ಆಯ್ತು.

ಈಗ ಒಂದೊಂದು ಸ್ವರದ ಸದ್ದು ಏರಿಸಿ ಇಳಿಸೋ 13 ಫೇಡರೇ ನಿಮ್ಮ ಹಾರ್ಮೋನಿಯಂ. ಸ ಗ ಪ ಎತ್ತಿದ್ರೆ ಒಂದು ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು), ಅದನ್ನ ನಿಧಾನಕ್ಕೆ ಇಳಿಸ್ತಾ ಮುಂದಿನ ಕಾರ್ಡಿನ ಸ್ವರ ಎತ್ತಬೇಕು. ಇನ್ನೊಂದು ಮುಖ್ಯ ವಿಷ್ಯ, ಬೇಡದ ಸ್ವರಗಳನ್ನ ಪೂರ್ತಿ ಸೊನ್ನೆಗೆ ಇಳಿಸ್ಬೇಡಿ. ಅವ್ರು ಫೇಡರ್ ಪೂರ್ತಿ ಕೆಳಗೆ ಬರದ ಹಾಗೆ ಗಮ್ ಟೇಪ್ ಅಂಟಿಸಿದ್ರು, ಅದ್ರಿಂದ 13 ಸ್ವರಾನೂ ಯಾವಾಗ್ಲೂ ಗಾಳಿ ತರ ತೆಳ್ಳಗೆ ಕೇಳ್ತಾನೇ ಇರುತ್ತೆ. ಈ ಒಂದು ಕೆಲಸ ಮಾಡಿ ಹಾಡು ಕೇಳ್ದಾಗ ನನ್ಗೆ ಮೈ ಜುಮ್ ಅಂದಿತ್ತು.

ಉಳಿದಿದ್ದು ಸುಲಭ. ಬರೀ ದನಿ ಅಂದ್ಕೊಂಡ್ರೂ ಕೊನೆಗೆ ಮೂಲ ಹಾಡಲ್ಲಿ ಎಲೆಕ್ಟ್ರಿಕ್ ಪಿಯಾನೋ, ಮೂಗ್ ಅನ್ನೋ ಸಿಂಥಿಂದ ಎದೆಬಡಿತದ ತರ ಮಾಡಿದ ಬೇಸ್ ಡ್ರಮ್ ಇದೆ, ನಿಮ್ಗೂ ಅಷ್ಟು ಸಾಕು. ಮಧ್ಯದಲ್ಲಿ ಕೋರಸ್ ಕೆಳಗಿಳಿದಾಗ ಏನೋ ಒಂದು ಹತ್ರದಿಂದ ಕೇಳ್ಸಬೇಕು. ಸ್ಟುಡಿಯೋದ ರಿಸೆಪ್ಷನಿಸ್ಟ್ ಕ್ಯಾಥಿ ರೆಡ್‌ಫರ್ನ್ ಮೆಲ್ಲಗೆ ಬಾಗಿಲು ತೆಗೆದು ಫೋನ್ ಬಂದಿದೆ ಅಂತ ಪಿಸುಗುಟ್ಟಿದ್ದನ್ನ ಕೇಳಿ ಬ್ಯಾಂಡಿನ ಲಾಲ್ ಕ್ರೀಮ್ ಈ ದನೀನೇ ಬೇಕು ಅಂದ್ರು, ಅವ್ರ ಕೈಲೇ ಪಿಸುಮಾತು ರೆಕಾರ್ಡ್ ಮಾಡ್ಸಿದ್ರು. ನೀವೂ ಹಾಡೋಕೆ ಬರೋರನ್ನೇ ಹುಡುಕ್ಬೇಡಿ, ಮಾತಾಡೋ ದನಿ ಚೆನ್ನಾಗಿರೋರನ್ನ ಮೈಕಿಗೆ ತೀರಾ ಹತ್ರ ಕೂರಿಸಿ.

ಆರು ನಿಮಿಷದ ಈ ಹಾಡು ಆಲ್ಬಮ್ಮಿನ ಮೊದಲ ಸಿಂಗಲ್ ಕೂಡ ಆಗಿರ್ಲಿಲ್ಲ, ಆಮೇಲೆ ಬಂದು ಬ್ರಿಟನ್ನಿನಲ್ಲಿ ಎರಡು ವಾರ 1ನೇ ಸ್ಥಾನ, ಅಮೆರಿಕದಲ್ಲಿ ಮೂರು ವಾರ 2ನೇ ಸ್ಥಾನದಲ್ಲಿ ಇತ್ತು. ಹಾಗಾಗಿ ಯಾವ ಹಾಡು ಮೊದ್ಲು ಬಿಡೋದು ಅಂತ ತಲೆ ಕೆಡಿಸ್ಕೊಳ್ಳೋ ಬದ್ಲು ಒಂದು ಪರೀಕ್ಷೆ ಮಾಡಿ: ಯಾರಾದ್ರೂ ಪಕ್ಕದ ರೂಮಲ್ಲಿ ಅವರ ಪಾಡಿಗೆ ಕೆಲಸ ಮಾಡ್ತಿರುವಾಗ ಹಾಡನ್ನ ಸಣ್ಣಗೆ ಎರಡು ಸಲ ಹಾಕಿ, ಹೇಗಿದೆ ಅಂತ ಕೇಳ್ಬೇಡಿ, ಮಾರನೇ ದಿನ ಅವ್ರು ಗುನುಗ್ತಾರಾ ನೋಡಿ. ಇಲ್ಲ ಅಂದ್ರೆ ಕೋರಸ್ ಹಾಗೇ ಇರ್ಲಿ, ಟ್ಯೂನ್ ಹತ್ರ ವಾಪಸ್ ಹೋಗಿ.