ಮರಳಿನ ಚೀಲದಲ್ಲಿ ಗ್ರೋತ್ ಹಾರ್ಮೋನ್ ಪಾಠ: ನನ್ನ ಅನುಭವ

ಬಿಎಸ್ಸಿಗೆ ಜುವಾಲಜಿ ಕಲಿಸುವವರಿಗೆಲ್ಲ ಇದು ಗೊತ್ತು. "ಹಾರ್ಮೋನ್ ಕಡಿಮೆಯಾದರೆ ಕುಳ್ಳ, ಜಾಸ್ತಿಯಾದರೆ ದೈತ್ಯ" ಅಂತ ಹುಡುಗರು ಬಾಯಿಪಾಠ ಮಾಡುತ್ತಾರೆ, ಅಲ್ಲಿಗೆ ಪಾಠ ಮುಗಿಯಿತು. ರಕ್ತದಲ್ಲಿ ಹಾರ್ಮೋನ್ ತುಂಬಿ ತುಳುಕುತ್ತಿದ್ದರೂ ಕುಳ್ಳಗೇ ಉಳಿಯುವ ಇಲಿ ಇದೆ ಅಂದರೆ ಯಾರೂ ನಂಬುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ ಇಲಿ.

ನಮ್ಮಂಥ ಕಾಲೇಜಲ್ಲಿ ಇಲಿ ಸಾಕುವ ಮಾತೇ ಬೇಡ. ಎಥಿಕ್ಸ್ ಕಮಿಟಿ, ಅನಿಮಲ್ ಹೌಸ್ ಎಲ್ಲ ಎಲ್ಲಿಂದ ತರುವುದು? ರಕ್ತದಲ್ಲಿ ಹಾರ್ಮೋನ್ ಅಳೆಯುವ ಎಲಿಸಾ ಕಿಟ್ ವಿಚಾರಿಸಿದೆ, ಒಂದಕ್ಕೇ 40 ಸಾವಿರದ ಹತ್ತಿರ ಹೇಳಿದರು. ಕೊನೆಗೆ ಇಲಿಗಳ ಬದಲಿಗೆ ಬಟ್ಟೆಯ ಪುಟ್ಟ ಚೀಲ ಹೊಲಿಸಿ, ಒಂದೊಂದು ಇಲಿಯ ತೂಕಕ್ಕೆ ತಕ್ಕಷ್ಟು ರಾಗಿ ತುಂಬಿದೆ. "ಚೀಲ ತೂಗಿಸಿ ಎಂಡೋಕ್ರೈನಾಲಜಿ ಕಲಿಸ್ತೀರಾ ಮೇಡಂ?" ಅಂದವರೇ ಈಗ ನನ್ನ ಹಾಳೆಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ.

ರಾಗಿ ಬಾಳಲಿಲ್ಲ. ರಜೆ ಮುಗಿಸಿ ಬಂದು ಬೀರು ತೆಗೆದರೆ ನಿಜವಾದ ಇಲಿಗಳು ಚೀಲದ ಮೂಲೆ ಕಡಿದು ಖಾಲಿ ಮಾಡಿದ್ದವು. ಈಗ ಜರಡಿ ಹಿಡಿದ ಮರಳು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಬಟ್ಟೆ, ಹೊಲಿಗೆ ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು.

ಮಾಮೂಲಿ ಇಲಿ 30 ಗ್ರಾಂ. ದೈತ್ಯ 50ರ ಆಸುಪಾಸು. 1982ರಲ್ಲಿ ಪಾಮಿಟರ್ ಮತ್ತು ಬ್ರಿನ್‌ಸ್ಟರ್ ಅವರ ತಂಡ ದೊಡ್ಡ ಜಾತಿಯ ಇಲಿಯಾದ ರ್ಯಾಟ್‌ನ ಗ್ರೋತ್ ಹಾರ್ಮೋನ್ ಜೀನ್ ಸೇರಿಸಿ ಬೆಳೆಸಿದಂಥದ್ದು. ಉಳಿದೆರಡು 12ರಿಂದ 15 ಗ್ರಾಂ, ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ. ಒಂದು ಏಮ್ಸ್ (Ames) ಕುಳ್ಳ ಅನ್ನುವ ತಳಿ, ಮೆದುಳಿನ ಬುಡದಲ್ಲಿರುವ ಅದರ ಪಿಟ್ಯುಟರಿ ಗ್ರಂಥಿಯಲ್ಲಿ ಗ್ರೋತ್ ಹಾರ್ಮೋನೇ ತಯಾರಾಗುವುದಿಲ್ಲ. ಇನ್ನೊಂದು ಓಹಾಯೋ ವಿಶ್ವವಿದ್ಯಾಲಯದ ಜಾನ್ ಕಾಪ್ಚಿಕ್ ಅವರ ತಂಡ 1997ರಲ್ಲಿ ಪ್ರಕಟಿಸಿದ ಇಲಿ, ಹಾರ್ಮೋನ್ ಬೇಕಾದಷ್ಟಿದೆ, ಜೀವಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಇಲ್ಲ.

ಈ ಹೆಸರು ಯಾವುದನ್ನೂ ಮೊದಲು ಬಾಯಿಬಿಡಬಾರದು. "ಎರಡು ಕುಳ್ಳ ಇಲಿಗಳಿಗೂ ಗ್ರೋತ್ ಹಾರ್ಮೋನ್ ಚುಚ್ಚಿದರೆ ಯಾವುದು ಬೆಳೆಯುತ್ತದೆ?" ಅಂತ ಕೇಳಿ, ಉತ್ತರ ಬರೆಸಿ ಸಹಿ ಹಾಕಿಸಿಕೊಳ್ಳುತ್ತೇನೆ. ರಕ್ತದ ರಿಪೋರ್ಟು ಆಮೇಲೆ. ಮೊದಲೇ ರಿಪೋರ್ಟು ಕೊಟ್ಟ ವರ್ಷ ಮುಂದಿನ ಬೆಂಚಿನ ಇಬ್ಬರು ಉತ್ತರ ಹೇಳಿಬಿಟ್ಟರು, ಉಳಿದವರು ಸುಮ್ನೆ ಬರೆದುಕೊಂಡರು. ಈಗ ಅದು ಅಂಟಿಸಿದ ಕವರಿನಲ್ಲಿರುತ್ತದೆ. ತೆಗೆದು ನೋಡಿದರೆ, ಗ್ರೋತ್ ಹಾರ್ಮೋನ್ ಹೇಳಿದಂತೆ ಯಕೃತ್ತು ತಯಾರಿಸುವ, ಮೈ ಬೆಳೆಸುವ ಐಜಿಎಫ್-1 ಎರಡರಲ್ಲೂ ಕಡಿಮೆ! ಗಲಾಟೆ ಶುರುವಾಗುವುದೇ ಆಗ. ಐದನೇ ಚೀಲವೂ ಒಂದಿದೆ, ಅದರಲ್ಲಿ ಯಾವ ಇಲಿ ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ದ್ರಾಕ್ಷಿ ಬೆಳೆಗಾರರು ಹೊಡೆಯುವ ಜಿಬ್ಬರೆಲಿಕ್ ಆಸಿಡ್ ಅನ್ನುವ ಗಿಡದ ಹಾರ್ಮೋನ್ ತರಿಸಿ ಹೆಸರುಕಾಳಿನ ಸಸಿಗೆ ಸಿಂಪಡಿಸಿದೆವು. ನೀರಲ್ಲಿ ನೇರವಾಗಿ ಕರಗುವುದಿಲ್ಲ, ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಬೇಕು. ಸಸಿಗಳು ವಾರದಲ್ಲೇ ಬಳುಕುವಷ್ಟು ಉದ್ದವಾದವು. ಹಾರ್ಮೋನಿನ ಕೆಲಸ ಕಣ್ಣಾರೆ ಕಂಡ ಮೇಲೆ ಇಲಿಯ ಪಾಠಕ್ಕೂ ಬೇರೆಯೇ ಉತ್ಸಾಹ ಬಂತು.

ರಿಸೆಪ್ಟರ್ ಇಲ್ಲದ ಇಲಿಯೊಂದು ಐದು ವರ್ಷಕ್ಕೆ ಒಂದೇ ವಾರ ಕಡಿಮೆ ಬದುಕಿತ್ತು, ದೈತ್ಯ ಇಲಿಗಳು ಬೇಗ ಸಾಯುತ್ತವೆ ಅಂದಾಗ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಈ ಸಲದ ಟೆಸ್ಟಿನಲ್ಲಿ ಐಜಿಎಫ್-1 ಇಳಿದರೆ ಪಿಟ್ಯುಟರಿ ಇನ್ನಷ್ಟು ಹಾರ್ಮೋನ್ ಬಿಡುತ್ತದೆ ಅನ್ನುವ ಬಾಣವನ್ನು ಚಿತ್ರದಲ್ಲಿ 60ರಲ್ಲಿ ಸುಮಾರು 40 ಜನ ತಾವಾಗಿಯೇ ಎಳೆದಿದ್ದರು. ಹಿಂದೆಲ್ಲ ಐದಾರು ಜನ ಎಳೆದರೆ ಹೆಚ್ಚು.