ಭರಮಸಾಗರದ ಬೋರು, ಖಂಭಾತಿನ ಬಿಸಿನೀರು

ಚಳಿಗಾಲದ ಬೆಳಗಿನ ಜಾವ ಬೋರಿನ ಪೈಪಿಗೆ ಕೈಯೊಡ್ಡಿದರೆ ನೀರು ಬೆಚ್ಚಗಿರುತ್ತದೆ. ದಾವಣಗೆರೆ, ಚಿತ್ರದುರ್ಗದ ಕಡೆ ಇದನ್ನು ಕಾಣದ ರೈತರಿಲ್ಲ. ನಾನು ಭೂವಿಜ್ಞಾನ ಓದಿದವನು ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆಯೂ ಅದೇ: "ಕೆಳಗೆ ಇಷ್ಟು ಬಿಸಿ ಐತೆ ಅಂದ್ರೆ, ಇನ್ನೂ ಆಳ ಹೊಡೆಸಿದ್ರೆ ಕರೆಂಟೇ ತೆಗೀಬಹುದಲ್ಲ ಸಾ?"

ಆ ಬಿಸಿ ಭೂಗರ್ಭದ್ದೇನಲ್ಲ. ಹತ್ತಿಪ್ಪತ್ತು ಮೀಟರ್ ಕೆಳಗೆ ಹೋದರೆ ಬಿಸಿಲು, ಚಳಿ ಎರಡೂ ಮುಟ್ಟುವುದಿಲ್ಲ. ವರ್ಷದ ಸರಾಸರಿ ಉಷ್ಣತೆ, ನಮ್ಮಲ್ಲಿ ಸುಮಾರು 27 ಡಿಗ್ರಿ, ಹಾಗೇ ನಿಂತಿರುತ್ತದೆ. ಹೊರಗೆ 15 ಡಿಗ್ರಿ ಇದ್ದಾಗ ಬೆಚ್ಚಗೆ ಅನ್ನಿಸುವ ಅದೇ ನೀರು ಏಪ್ರಿಲ್‌ನಲ್ಲಿ ತಣ್ಣಗೆ ಅನ್ನಿಸುತ್ತದೆ.

ನನ್ನ ಕಸುಬು ಎಣ್ಣೆಬಾವಿಗಳ ಲಾಗ್ ಓದುವುದು. ಕೊರೆದ ಬಾವಿಗೆ ಕೇಬಲ್‌ನಲ್ಲಿ ಉಪಕರಣ ಇಳಿಸಿ ಗಾಮಾ ವಿಕಿರಣ, ವಿದ್ಯುತ್ ರೋಧ, ಸಾಂದ್ರತೆ ಅಳೆದು ಬರೆದ ಗೆರೆಗಳವು. ಹಲವು ವರ್ಷ ಗುಜರಾತಿನ ಖಂಭಾತ್ ಬೇಸಿನ್ನಿನ ಲಾಗ್‌ಗಳಲ್ಲಿ ಎಣ್ಣೆ ಹುಡುಕಿದೆ. ಈಗ ದಾವಣಗೆರೆಯ ಮನೆಯಲ್ಲಿ ಕೂತು, ಅಂಥದೇ ಲಾಗ್‌ಗಳಲ್ಲಿ ಬರೀ ನೀರು ತೋರಿಸುವ ಮರಳುಗಲ್ಲಿನ ಪದರಗಳನ್ನು ಹುಡುಕಿ, ಅವುಗಳಲ್ಲಿ ಶಾಖ ಎಷ್ಟಿದೆ ಅಂತ ಲೆಕ್ಕ ಹಾಕುತ್ತೇನೆ. ಎಣ್ಣೆಯವರು ಕೈಬಿಟ್ಟ ಬಾವಿಗಳೇ ನನಗೆ ಬಂಡವಾಳ.

ಹೋಲಿಸುವುದಕ್ಕೆ ನಮ್ಮ ನೆಲದ್ದೂ ಒಂದು ಅಳತೆ ಕೈಯಲ್ಲಿರಲಿ ಅಂತ, ಭರಮಸಾಗರದ ಹತ್ತಿರ ಪರಿಚಯದವರ ತೋಟದಲ್ಲಿ ಫೇಲಾದ ಬೋರೊಂದಕ್ಕೆ ಥರ್ಮಿಸ್ಟರ್, ಅಂದರೆ ಉಷ್ಣತೆ ಅಳೆಯುವ ಸಣ್ಣ ಸಂವೇದಕ, ಇಳಿಸಿದೆ. ಪಂಪ್ ಓಡುವ ಬೋರು ಈ ಕೆಲಸಕ್ಕೆ ಬರುವುದಿಲ್ಲ, ಅದರಲ್ಲಿ ಬೇರೆ ಬೇರೆ ಆಳದ ನೀರು ಬೆರೆತಿರುತ್ತದೆ. ತಿಂಗಳುಗಟ್ಟಲೆ ಅಲುಗದೆ ನಿಂತ ನೀರೇ ಬೇಕು. ಕೇಬಲ್‌ಗೆ ಹತ್ತು ಮೀಟರಿಗೊಂದರಂತೆ ಕೆಂಪು ಟೇಪ್ ಸುತ್ತಿದ್ದೆ. ಪ್ರತಿ ಗುರುತಿನಲ್ಲೂ ಮಲ್ಟಿಮೀಟರಿನ ಅಂಕಿ ಓಡಾಡುವುದು ನಿಲ್ಲುವ ತನಕ ಕಾದು ಬರೆದುಕೊಳ್ಳಬೇಕು. ಅದೂ ಇಳಿಸುವಾಗಲೇ ಬರೆದುಕೊಳ್ಳಬೇಕು. ಮೇಲೆತ್ತುವ ಹೊತ್ತಿಗೆ ಕೇಬಲ್ಲೇ ನೀರನ್ನು ಕಲಕಿಬಿಟ್ಟಿರುತ್ತದೆ. ತೋಟದ ಯಜಮಾನರು ಅಷ್ಟು ಹೊತ್ತು ನೋಡಿ, "ಏನ್ ಸಾ, ಬೋರಿಗೆ ಜ್ವರ ನೋಡ್ತಿದೀರಾ?" ಅಂದರು. ಹೆಚ್ಚುಕಡಿಮೆ ಅದೇ ಕೆಲಸ.

ಮೇಲಿನ ಅರವತ್ತು ಎಪ್ಪತ್ತು ಮೀಟರಿನಲ್ಲಿ ಆಳಕ್ಕೆ ತಕ್ಕಂತೆ ಉಷ್ಣತೆ ಏರುವ ಗೆರೆ ಸೊಟ್ಟಗಿತ್ತು, ಬಿರುಕುಗಳಲ್ಲಿ ಓಡಾಡುವ ನೀರಿನ ಪ್ರಭಾವ ಅದು. ಅದರ ಕೆಳಗೆ ನೆಟ್ಟಗಾಯಿತು: ನೂರು ಮೀಟರಿಗೆ ಒಂದೂಕಾಲು ಡಿಗ್ರಿಯ ಆಸುಪಾಸು. ಗ್ನೈಸ್ ಬಂಡೆಯ ಶಾಖವಾಹಕತೆ 2.8 ಎಂದು ಹಿಡಿದರೆ ಚದರ ಮೀಟರಿಗೆ ಸುಮಾರು 35 ಮಿಲಿವಾಟ್ ಶಾಖ ಮೇಲೆ ಬರುತ್ತಿದೆ. ಭೂಖಂಡಗಳ ಸರಾಸರಿ 65ರ ಸುತ್ತ ಇದೆ. ನಮ್ಮ ಕಾಲಡಿಯ ಧಾರವಾಡ ಕ್ರೇಟಾನ್, ಅಂದರೆ ಭೂಖಂಡದ ಹಳೆಯ ಗಟ್ಟಿ ತುಂಡು, 250 ಕೋಟಿ ವರ್ಷಕ್ಕೂ ಹಳೆಯದು, ಯಾವತ್ತೋ ತಣ್ಣಗಾದ ನೆಲ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಾಗ ಬಂಡೆಯ ಉಷ್ಣತೆ 60 ಡಿಗ್ರಿ ದಾಟಿತ್ತು. ಅದಕ್ಕೂ ಈ ಲೆಕ್ಕ ಹೊಂದುತ್ತದೆ. ಸಾವಿರ ಅಡಿ ಹೊಡೆಸಿದ ರೈತರಿಗೆ ಸಿಗುವುದು ಹೆಚ್ಚೆಂದರೆ 31 ಡಿಗ್ರಿ ನೀರು. ಬಿಸಿಗಿಂತ ದೊಡ್ಡ ಕೊರತೆ ಇನ್ನೊಂದಿದೆ: ನಮ್ಮ ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ, ಆಳಕ್ಕೆ ಹೋದಂತೆ ಆ ಬಿರುಕುಗಳೂ ಬಿಗಿಯುತ್ತವೆ.

ಖಂಭಾತ್ ಬೇರೆಯೇ ಲೋಕ. ನೆಲ ಸೀಳಿ ಕುಸಿದ ತಗ್ಗು ಅದು. ಡೆಕ್ಕನ್ ಟ್ರ್ಯಾಪ್ ಬಸಾಲ್ಟಿನ (ಹಳೆಯ ಲಾವಾ ಬಂಡೆಯ) ಮೇಲೆ ಸಾವಿರಾರು ಮೀಟರ್ ಮರಳು, ಜೇಡಿ ತುಂಬಿಕೊಂಡಿದೆ. ಅಲ್ಲಿ ಕಿಲೋಮೀಟರಿಗೆ 40 ಡಿಗ್ರಿ ಏರುವ ಜಾಗಗಳು ಸಾಮಾನ್ಯ. 1958ರಲ್ಲಿ ಲುಣೇಜ್, 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕ ಮೇಲೆ ಕೊರೆದ ಬಾವಿಗಳಿಗೆ ಲೆಕ್ಕವಿಲ್ಲ. ಅಂದರೆ ಆಳದ ಉಷ್ಣತೆ ತಿಳಿಯಲು ಹೊಸದಾಗಿ ಕೊರೆಯಬೇಕಿಲ್ಲ.

ಆದರೆ ಲಾಗ್‌ನ ತಲೆಪಟ್ಟಿಯಲ್ಲಿ ಬರೆದ ತಳದ ಉಷ್ಣತೆಯನ್ನು ಹಾಗೇ ನಂಬುವಂತಿಲ್ಲ. ಕೊರೆಯುವಾಗ ಸುತ್ತಾಡಿಸಿದ ಕೆಸರುನೀರು ತಳದ ಬಂಡೆಯನ್ನು ತಣ್ಣಗೆ ಮಾಡಿರುತ್ತದೆ. ನಾಲ್ಕು ಗಂಟೆ ಕೆಸರು ತಿರುಗಿಸಿ ನಿಲ್ಲಿಸಿದ ಬಾವಿಯಲ್ಲಿ 6 ಗಂಟೆ ಬಿಟ್ಟು 83 ಡಿಗ್ರಿ, 12 ಗಂಟೆ ಬಿಟ್ಟು 87, 20 ಗಂಟೆ ಬಿಟ್ಟು 89 ಬಂತು ಅನ್ನಿ. ಇವನ್ನು ಹಾರ್ನರ್ ನಕ್ಷೆಯಲ್ಲಿ, ಅಂದರೆ ಕಾದ ಹೊತ್ತಿನಿಂದ ಕೊನೆಯ ಉಷ್ಣತೆ ಅಂದಾಜಿಸುವ ನಕ್ಷೆಯಲ್ಲಿ, ಇಟ್ಟು ಗೆರೆ ಎಳೆದರೆ ನಿಜವಾದ ಉಷ್ಣತೆ 92ರ ಹತ್ತಿರ ನಿಲ್ಲುತ್ತದೆ. ಒಂದೇ ಓದು ಇರುವ ಬಾವಿಯನ್ನು ನಾನು ನಕ್ಷೆಯಲ್ಲಿ ಗುರುತು ಮಾಡುತ್ತೇನೆ, ಲೆಕ್ಕಕ್ಕೆ ಸೇರಿಸುವುದಿಲ್ಲ.

ಈಗ ಮುಖ್ಯ ಲೆಕ್ಕ. 1,450 ಮೀಟರ್ ಆಳದಲ್ಲಿ 85 ಡಿಗ್ರಿಯ ಮರಳುಗಲ್ಲಿನ ಪದರ. ಒಟ್ಟು ದಪ್ಪ 120 ಮೀಟರ್ ಇದ್ದರೂ ಜೇಡಿಯ ಪಾಲು ಕಳೆದರೆ ಉಳಿಯುವುದು 50. ರಂಧ್ರತೆ, ಅಂದರೆ ಬಂಡೆಯಲ್ಲಿ ನೀರು ತುಂಬುವ ಖಾಲಿ ಜಾಗ, ನೂರಕ್ಕೆ 20. ಬಂಡೆ ಮತ್ತು ನೀರು ಸೇರಿ ಪ್ರತಿ ಘನಮೀಟರು ಒಂದು ಡಿಗ್ರಿಗೆ ಸುಮಾರು 2.64 ಮೆಗಾಜೌಲ್ ಹಿಡಿಯುತ್ತದೆ. ಮೇಲ್ಮೈಯ 27 ಡಿಗ್ರಿಯನ್ನು ಕಳೆದು ಗುಣಿಸಿದರೆ, ಒಂದು ಚದರ ಕಿಲೋಮೀಟರಿನ ಕೆಳಗೆ 213 ಕೋಟಿ ಯೂನಿಟ್ ಶಾಖ. ಪತ್ರಿಕೆಗಳಲ್ಲಿ ತಲೆಬರಹವಾಗುವುದು ಈ ಅಂಕಿ. ನನ್ನ ವರದಿಯಲ್ಲಿ ಇದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡುವುದಿಲ್ಲ.

ಎಣ್ಣೆಯ ಕೆಲಸದಿಂದ ಬಂದವರಿಗೆ ಇಲ್ಲಿ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ಅಲ್ಲಿ ರಂಧ್ರತೆಯ ಅರ್ಧ ಶೇಕಡಾಕ್ಕೂ ಜಗಳವಾಡುತ್ತೇವೆ. ಶಾಖದ ಲೆಕ್ಕದಲ್ಲಿ ರಂಧ್ರತೆಯನ್ನು 10ರಿಂದ 25ಕ್ಕೆ ಏರಿಸಿದರೂ ಮೊತ್ತ ಬದಲಾಗುವುದು ನೂರಕ್ಕೆ 12ರಷ್ಟು. ಬಂಡೆಯೂ ಶಾಖ ಹಿಡಿದಿರುತ್ತದಲ್ಲ, ಅದಕ್ಕೆ. ಹಾಗಾಗಿ ನನ್ನ ಹೊತ್ತು ಹೋಗುವುದು ಜೇಡಿ ಕಳೆದು ಉಳಿಯುವ ದಪ್ಪದ ಮೇಲೆ. ಅದು 50ರ ಬದಲು 30 ಆದರೆ ಐದರಲ್ಲಿ ಎರಡು ಪಾಲು ಹೋದಂತೆ.

ಆಮೇಲೆ, ಆ 213 ಕೋಟಿಯಲ್ಲಿ ಕೈಗೆ ಎಷ್ಟು? ಬಿಸಿನೀರು ತೆಗೆಯುವ ಬಾವಿ ಒಂದು, ತಣ್ಣಗಾದ ನೀರನ್ನು ಅದೇ ಪದರಕ್ಕೆ ಹಿಂದಿರುಗಿಸುವ ಬಾವಿ ಇನ್ನೊಂದು. ಈ ಜೋಡಿಯನ್ನು ಡಬ್ಲೆಟ್ ಅನ್ನುತ್ತಾರೆ. ಯೂರೋಪಿನ ಅಟ್ಲಾಸ್‌ಗಳ ಸೂತ್ರದ ಪ್ರಕಾರ ಡಬ್ಲೆಟ್‌ನಲ್ಲಿ ಸಿಗುವ ಪಾಲು 0.33 ಗುಣಿಸು ಪದರದ ಉಷ್ಣತೆಗೂ ವಾಪಸು ನೀರಿನ ಉಷ್ಣತೆಗೂ ಇರುವ ವ್ಯತ್ಯಾಸ, ಭಾಗಿಸು ಪದರಕ್ಕೂ ಮೇಲ್ಮೈಗೂ ಇರುವ ವ್ಯತ್ಯಾಸ. ಮೇಲ್ಮೈ ಉಷ್ಣತೆ 27 ಹಿಡಿಯಬೇಕೋ 10 ಹಿಡಿಯಬೇಕೋ ಎಂದು ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಕಾಗದದ ಮೇಲೆ ಬಿಡಿಸಿ ನೋಡಿ: ಕೊನೆಯ ಮೊತ್ತದಲ್ಲಿ ಆ ಅಂಕಿ ಮೇಲೆ ಕೆಳಗೆ ಹೊಡೆದು ಹೋಗುತ್ತದೆ! ಉಳಿಯುವುದು ವಾಪಸು ನೀರಿನ ಉಷ್ಣತೆ ಒಂದೇ. ಅದನ್ನು ನಿರ್ಧರಿಸುವವರು ಭೂವಿಜ್ಞಾನಿಗಳಲ್ಲ, ನೆಲದ ಮೇಲೆ ನೀರು ಬಳಸುವವರು.

ಪ್ಯಾರಿಸ್ ಸುತ್ತಲಿನ ಡಾಗರ್ ಸುಣ್ಣಕಲ್ಲಿನ ಪದರ 1,500ರಿಂದ 2,000 ಮೀಟರ್ ಆಳದಲ್ಲಿದೆ, ನೀರು 55ರಿಂದ 80 ಡಿಗ್ರಿ. 1969ರಲ್ಲಿ ಮೆಲಂ ಪಟ್ಟಣದಲ್ಲಿ ಡಬ್ಲೆಟ್ ಶುರುವಾಯಿತು. ಅಲ್ಲಿ ಚಳಿಗೆ ಮನೆ ಬೆಚ್ಚಗಿಡಬೇಕು, ಆದ್ದರಿಂದ ನೀರನ್ನು ಚೆನ್ನಾಗಿ ತಣಿಸಿಯೇ ವಾಪಸು ಕಳಿಸುತ್ತಾರೆ. ಗುಜರಾತಿನಲ್ಲಿ ಯಾರ ಮನೆ ಕಾಯಿಸುವುದು? ಎಲ್ಲರೂ ಹೇಳುವುದು ತಂಪು ಮಾಡುವ ಯಂತ್ರ. ಶಾಖದಿಂದ ನಡೆಯುವ ಅಂಥ ಚಿಲ್ಲರ್ 85 ಡಿಗ್ರಿ ನೀರು ತೆಗೆದುಕೊಂಡು 75ರಲ್ಲಿ ಹೊರಬಿಡುತ್ತದೆ. ಆಗ ಕೈಗೆ ಬರುವುದು 12 ಕೋಟಿ ಯೂನಿಟ್. ದಾವಣಗೆರೆಯವನಾದ್ದರಿಂದ ನನಗೆ ತಟ್ಟನೆ ಹೊಳೆದದ್ದು ಮೆಕ್ಕೆಜೋಳ. ಸುಗ್ಗಿಯಲ್ಲಿ ಮಳೆ ಹಿಡಿದರೆ ರಸ್ತೆ ಮೇಲೆ ಹರಡಿದ ಕಾಳಿಗೆ ಬೂಷ್ಟು ಬರುವುದನ್ನು ನೋಡುತ್ತಲೇ ಇರುತ್ತೇವೆ. ಕಾಳು ಒಣಗಿಸುವ ಡ್ರೈಯರ್‌ಗೆ ಕೊಟ್ಟರೆ ನೀರನ್ನು 45ಕ್ಕೆ ಇಳಿಸಬಹುದು: 48 ಕೋಟಿ. ಚಿಲ್ಲರ್‌ನ ಹಿಂದೆ ಡ್ರೈಯರ್ ಜೋಡಿಸಿದರೂ ಆಯಿತು. ಕೆಳಗಿನ ಬಂಡೆ ಒಂಚೂರೂ ಬದಲಾಗಲಿಲ್ಲ, ಸಂಪನ್ಮೂಲ ನಾಲ್ಕು ಪಟ್ಟು ಆಯಿತು.

48 ಕೋಟಿಯನ್ನು 30 ವರ್ಷಕ್ಕೆ ಹಂಚಿದರೆ ಚದರ ಕಿಲೋಮೀಟರಿಗೆ 1.8 ಮೆಗಾವಾಟ್ ಶಾಖ. ಗಂಟೆಗೆ 100 ಘನಮೀಟರ್ ಎತ್ತುವ ಡಬ್ಲೆಟ್ ನಾಲ್ಕೂವರೆ ಮೆಗಾವಾಟ್ ಕೊಡುತ್ತದೆ. ಅದಕ್ಕೆ ಎರಡೂವರೆ ಚದರ ಕಿಲೋಮೀಟರ್ ಬೇಕು. ಆ ಹರಿವು ಎಷ್ಟೆಂದು ನಮ್ಮವರಿಗೆ ತಿಳಿಯಬೇಕಾದರೆ: ಬೋರಿನ ನೀರು ಅಳೆಯುವ, ವಿ ಆಕಾರದಲ್ಲಿ ಕತ್ತರಿಸಿದ 90 ಡಿಗ್ರಿ ವಿ-ನಾಚ್ ತಗಡಿನ ಮೇಲೆ 2 ಇಂಚು ನೀರೆಂದರೆ ಸೆಕೆಂಡಿಗೆ 0.8 ಲೀಟರ್. ಡಬ್ಲೆಟ್‌ಗೆ ಬೇಕಾದದ್ದು 28 ಲೀಟರ್, ಅಂದರೆ ಅಂಥ 35 ಬೋರುಗಳ ನೀರು ಒಂದೇ ಬಾವಿಯಿಂದ.

ಪದರ ಅಷ್ಟು ಬಿಟ್ಟುಕೊಡುತ್ತದೆಯೇ ಎಂಬುದನ್ನು ಉಷ್ಣತೆ ಹೇಳುವುದಿಲ್ಲ, ನೀರು ಹಾಯುವ ಗುಣ ಹೇಳುತ್ತದೆ. ಆ ಗುಣದ ಅಳತೆ ಮಿಲಿಡಾರ್ಸಿ. 50 ಮೀಟರ್ ದಪ್ಪಕ್ಕೆ 200 ಮಿಲಿಡಾರ್ಸಿ ಇದ್ದರೆ, ಎರಡನ್ನೂ ಗುಣಿಸಿದಾಗ ಹತ್ತು ಡಾರ್ಸಿ-ಮೀಟರ್. ಆಗ ಬಾವಿಯಲ್ಲಿ ನೀರಿನ ಮಟ್ಟ 135 ಮೀಟರಿನಷ್ಟು ಕುಸಿಯುತ್ತದೆ, ಪಂಪು ತಾಳುತ್ತದೆ. ಅದೇ 20 ಮಿಲಿಡಾರ್ಸಿ ಆದರೆ 1,300 ಮೀಟರ್ ದಾಟುತ್ತದೆ. ಅಲ್ಲಿಗೆ ಯೋಜನೆ ಮುಗಿಯಿತು. ಲಾಗ್‌ನಲ್ಲಿ ಈ ಎರಡು ಪದರಗಳೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ವಾಪಸು ಬಾವಿಯ ಕಡೆ ಇನ್ನೂ ಕಷ್ಟ. 45 ಡಿಗ್ರಿಯ ನೀರಿನ ಸ್ನಿಗ್ಧತೆ (ಹರಿಯದಂತೆ ತಡೆಯುವ ಮಂದತನ) 85 ಡಿಗ್ರಿಯ ನೀರಿನ ಸುಮಾರು 1.8 ಪಟ್ಟು, ಅಷ್ಟೇ ನೀರನ್ನು ತಳ್ಳುವುದಕ್ಕೆ ಒತ್ತಡವೂ ಅಷ್ಟೇ ಪಟ್ಟು ಬೇಕು. ಎರಡೂ ಪಂಪು ಸೇರಿ ಸುಮಾರು 170 ಕಿಲೋವಾಟ್ ಎಳೆಯುತ್ತವೆ. 85 ಡಿಗ್ರಿಯ ನೀರಿನಿಂದ ಕರೆಂಟ್ ತೆಗೆದರೆ ಶಾಖದಲ್ಲಿ ನೂರಕ್ಕೆ ಆರೇಳು ಪಾಲು, ಎಂದರೆ 300 ಕಿಲೋವಾಟ್ ಬಂದರೆ ಹೆಚ್ಚು. ಅರ್ಧಕ್ಕಿಂತ ಜಾಸ್ತಿ ಪಂಪುಗಳಿಗೇ ಹೋಯಿತು. ವಿದ್ಯುತ್ತಿನ ಕಾಲಂ ಅನ್ನು ವರದಿಯಿಂದಲೇ ತೆಗೆದಿದ್ದೇನೆ.

ಎಕ್ಸೆಲ್‌ನಲ್ಲಿ ಸಾವಿರಾರು ಸಲ ಅಂಕಿ ಬದಲಿಸಿ ಓಡಿಸುವ ಮಾಂಟೆ ಕಾರ್ಲೋ ಕೂಡ ಮಾಡುತ್ತೇನೆ, ಕೇಳುವವರು ಕೇಳುತ್ತಾರೆಂದು. ಅದರ ಚಂದದ ನಕ್ಷೆಗಿಂತ ಒಂದು ಪಂಪಿಂಗ್ ಟೆಸ್ಟ್‌ಗೆ ನನ್ನಲ್ಲಿ ಬೆಲೆ ಜಾಸ್ತಿ. ಇದನ್ನು ಬತ್ತದ ಶಾಖ ಅಂತ ಬರೆಯಿರಿ ಎನ್ನುವವರಿಗೂ ಒಂದು ಸಾಲು ಸೇರಿಸುತ್ತೇನೆ: ಖಂಭಾತಿನಲ್ಲಿ ಕೆಳಗಿನಿಂದ ಬರುವ ಶಾಖ ಚದರ ಮೀಟರಿಗೆ 75 ಮಿಲಿವಾಟ್ ಎಂದು ಹಿಡಿದರೂ, ನಾವು ತೆಗೆಯುವುದು ಅದರ ಇಪ್ಪತ್ತೈದು ಪಟ್ಟು.

ಯಾರಾದರೂ ಹೊಸದಾಗಿ ಒಂದು ಬ್ಲಾಕಿನ ಲಾಗ್ ಕಳಿಸಿದರೆ ನಾನು ಮೊದಲು ಫೋನ್ ಮಾಡಿ ಕೇಳುವುದು, ಬಾವಿಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ ವರ್ಷವಿಡೀ ಬಿಸಿನೀರು ಬೇಕಾದವರು ಯಾರಿದ್ದಾರೆ ಅಂತ. ಡೇರಿ, ಬಟ್ಟೆಗೆ ಬಣ್ಣ ಹಾಕುವವರು, ಕಾಳು ಒಣಗಿಸುವವರು, ಯಾರಾದರೂ ಸರಿ. ಅವರು ನೀರನ್ನು ಎಷ್ಟು ಡಿಗ್ರಿಗೆ ವಾಪಸು ಕೊಡುತ್ತಾರೆ ಅಂತ ತಿಳಿದ ಮೇಲೆ ಲಾಗ್ ತೆರೆಯುತ್ತೇನೆ.