ಜೋಡಿ ಬಿಡಿಸಿ, ಬಳಗದ ಜೊತೆ ಕಲಿತದ್ದು

ಇಂಗ್ಲಿಷ್ ಕರಡು ತಿದ್ದುವುದು ನನ್ನ ಕೆಲಸ. ಸ್ಪೆಲ್ಲಿಂಗ್ ತಪ್ಪಿದರೆ ಕಂಪ್ಯೂಟರೇ ಕೆಂಪು ಗೆರೆ ಎಳೆಯುತ್ತದೆ. ಆದರೆ ‘ಬರೆ’ ಎನ್ನುವ ರೈಟ್ ಇರಬೇಕಾದಲ್ಲಿ ‘ಸರಿ’ ಎನ್ನುವ ರೈಟ್ ಕೂತಿದ್ದರೆ ಗೆರೆ ಬಿದ್ದೇ ಬೀಳುತ್ತದೆ ಅನ್ನುವ ಹಾಗಿಲ್ಲ. ಎರಡೂ ನಿಘಂಟಿನಲ್ಲಿರುವ ಪದಗಳೇ.

ಉಚ್ಚಾರ ಒಂದೇ ಆಗಿ ಸ್ಪೆಲ್ಲಿಂಗ್ ಬೇರೆಯಾದ ಇಂಥ ಪದಗಳನ್ನು ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ಬಾಯಿಪಾಠ ಮಾಡಿಸುತ್ತಾರೆ. ನನಗದು ಒಗ್ಗಲಿಲ್ಲ. ಪಕ್ಕಪಕ್ಕ ಇಟ್ಟು ಕಲಿತಷ್ಟೂ ಯಾವುದು ಯಾವುದೆಂಬ ಅನುಮಾನವೇ ಹೆಚ್ಚುತ್ತಿತ್ತು. ಹಾಗಾಗಿ ಒಂದೊಂದು ಪದವನ್ನೂ ಅದರದೇ ಬಳಗದ ಜೊತೆ ಕಲಿಯತೊಡಗಿದೆ.

ಸ್ಟೇಷನರಿಯನ್ನೇ ನೋಡಿ. ಕಾಗದ, ಪೆನ್ನುಗಳ ಸ್ಟೇಷನರಿಗೆ ಕೊನೆಯಲ್ಲಿ ಇ-ಆರ್-ವೈ. ‘ಅಲ್ಲಾಡದೆ ನಿಂತಿರುವ’ ಎಂಬರ್ಥದ್ದಕ್ಕೆ ಎ-ಆರ್-ವೈ. ಬೇಕರ್‌ನಿಂದ ಬೇಕರಿ, ಗ್ರೋಸರ್‌ನಿಂದ ಗ್ರೋಸರಿ, ಹಾಗೆಯೇ ಸ್ಟೇಷನರ್‌ನಿಂದ ಸ್ಟೇಷನರಿ. ಇನ್ನೊಂದು ಸೆಕೆಂಡರಿ, ಟೆಂಪೊರರಿಗಳ ಸಾಲಿನ ಗುಣವಾಚಕ. ಬೇರು ಹುಡುಕಿದರೆ ಎರಡೂ ಒಂದೇ ಮನೆಯವು: ತಿರುಗಾಡಿ ಮಾರುವವರ ನಡುವೆ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುತ್ತಿದ್ದವನೇ ಹಿಂದಿನ ಸ್ಟೇಷನರ್. ಇದು ಗೊತ್ತಾದ ಮೇಲೆ ಆ ಪದದ ಮೇಲೆ ಪ್ರೀತಿಯೇ ಹುಟ್ಟಿತು.

ಕಾಂಪ್ಲಿಮೆಂಟ್ ಸುಲಭ. ‘ಪೂರಕ’ ಎಂಬರ್ಥದ್ದು ಕಂಪ್ಲೀಟ್‌ನ ನೆಂಟ, ಆದ್ದರಿಂದ ಎಲ್ ಆದಮೇಲೆ ಇ. ಹೊಗಳಿಕೆಗೆ ಐ.

ಉಚ್ಚರಿಸದ ಅಕ್ಷರಗಳನ್ನು ಕಂಡು ಸಿಡುಕುವವರಿಗೆ ನಾನು ಹೇಳುವುದಿಷ್ಟೇ: ಅವು ಸುಮ್ಮನೆ ಬಂದು ಕೂತವಲ್ಲ. ಬರೆಯುವ ರೈಟ್‌ನ ಡಬ್ಲ್ಯೂ, ಕುದುರೆ ಏರಿದ ಯೋಧ ನೈಟ್‌ನ ಕೆ, ಎರಡನ್ನೂ ಒಂದು ಕಾಲಕ್ಕೆ ಬಾಯಿಬಿಟ್ಟು ಹೇಳುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ. ಅಚ್ಚಿನಲ್ಲಿ ಸ್ಪೆಲ್ಲಿಂಗ್ ಕ್ರಮೇಣ ಗಟ್ಟಿಯಾಯಿತು, ಮಾತು ಮಾತ್ರ ಬದಲಾಗುತ್ತಲೇ ಹೋಯಿತು. ಜರ್ಮನ್ನರು ನೈಟ್‌ನ ನೆಂಟನಾದ ತಮ್ಮ ‘ಕ್ನೆಷ್ಟ್’ನಲ್ಲಿ ಆ ‘ಕ’ಕಾರವನ್ನು ಇಂದಿಗೂ ನುಡಿಯುತ್ತಾರೆ.

‘ಇಟ್ಸ್’ಗೆ ಬಳಗಕ್ಕಿಂತ ಹುಡುಕಾಟವೇ ವಾಸಿ. ಕರಡು ಮುಗಿದ ಮೇಲೆ ಆ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಿಲ್ಲುತ್ತೇನೆ, ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದುತ್ತೇನೆ. ವಾಕ್ಯ ನಿಂತರೆ ಅಪಾಸ್ಟ್ರಫಿ ಉಳಿಯುತ್ತದೆ, ಕುಸಿದರೆ ಅದು ‘ಅದರ’ ಎಂಬರ್ಥದ ಇಟ್ಸ್, ಅಪಾಸ್ಟ್ರಫಿ ತೆಗೆಯುತ್ತೇನೆ. ಹಿಸ್, ಹರ್ಸ್, ಅವರ್ಸ್‌ಗೂ ಅಪಾಸ್ಟ್ರಫಿ ಇಲ್ಲವಲ್ಲ.

ಬಳಗವೇ ದಾರಿ ತಪ್ಪಿಸುವ ಪದ ಡಿಸ್ಕ್ರೀಟ್. ಗುಟ್ಟು ಕಾಯುವ ಡಿಸ್ಕ್ರೀಟ್‌ನಲ್ಲಿ ಎರಡು ಇ ಒಟ್ಟಿಗಿವೆ, ಅದರ ನೆಂಟ ಡಿಸ್ಕ್ರೆಷನ್‌ನಲ್ಲಿ ಒಂದೇ. ಇಲ್ಲಿ ನಾನು ಆಕಾರವನ್ನೇ ನೋಡುತ್ತೇನೆ: ‘ಬಿಡಿಬಿಡಿಯಾದ’ ಎಂಬರ್ಥದ ಡಿಸ್ಕ್ರೀಟ್‌ನಲ್ಲಿ ಟಿ ನಡುವೆ ನಿಂತು ಎರಡು ಇಗಳನ್ನು ಬೇರೆ ಮಾಡಿರುತ್ತದೆ.